ಬಾಡಿಗೆ ಗಾಡಿಯೊಂದು ಮನೆಯಾದದ್ದು



ಸಂಘದ ಸದಸ್ಯತ್ವದ ಅರ್ಜಿಯಲ್ಲಿ ಹೆಸರು, ವಿಳಾಸಗಳ ಕೆಳಗೆ ‘ಸ್ವಂತ ಊರು’ ಎಂದು ಒಂದು ಸಾಲು ಇರುತ್ತದೆ. ನಿಮ್ಮ ತಂದೆ ತಾಯಿ ಅದನ್ನು ಯೋಚನೆಯೇ ಇಲ್ಲದೆ ತುಂಬುತ್ತಾರೆ. ನೀವು ತುಂಬುವಾಗ ಪೆನ್ನು ಒಂದು ಗಳಿಗೆ ನಿಲ್ಲುತ್ತದೆ. ಹುಟ್ಟಿದ್ದು ಡೊಂಬಿವಲಿಯಲ್ಲೋ ಚಿಂಚವಡದಲ್ಲೋ. ಶಾಲೆ ಕಾಲೇಜು ಇಲ್ಲಿಯವೇ. ಬಸ್ಸಿನಲ್ಲಿ ಜಗಳವಾದರೆ ಬಾಯಿಗೆ ಮೊದಲು ಬರುವುದು ಮರಾಠಿ. ಆದರೂ ಕೊನೆಗೆ ಅಜ್ಜನ ಊರಿನ ಹೆಸರನ್ನೇ ಬರೆಯುತ್ತೀರಿ. ಸಂತೋಷ. ಆದರೆ ಆ ಊರಿಗೆ ಹೋದರೆ ರಾತ್ರಿ ಎಲ್ಲಿ ಮಲಗುತ್ತೀರಿ ಎಂದು ಯಾರಾದರೂ ಕೇಳಿದರೆ ನಿಮ್ಮಲ್ಲಿ ಎಷ್ಟು ಜನ ಉತ್ತರ ಹೇಳಬಲ್ಲಿರಿ?

ಕೆಲವರ ಮನೆ ಮಾರಿಹೋಗಿದೆ. ಕೆಲವರದು ಅಣ್ಣತಮ್ಮಂದಿರ ಪಾಲಿನಲ್ಲಿ ಹೋಳಾಗಿ, ನಿಮ್ಮ ಪಾಲಿಗೆ ಬಂದ ಕೋಣೆಯಲ್ಲಿ ಬೇರೆಯವರ ಹತ್ತಿಯ ಮೂಟೆ ಕುಳಿತಿದೆ. ನಮ್ಮಂಥ ಕೆಲವರದು ನೀರಿನ ಕೆಳಗಿದೆ. ಬಾಗಲಕೋಟೆಯ ಹತ್ತಿರ ಘಟಪ್ರಭೆಯ ದಂಡೆಯಲ್ಲಿದ್ದ ನಮ್ಮ ಹಳ್ಳಿ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಊರಿನ ಹೆಸರು ಪುನರ್ವಸತಿ ಕೇಂದ್ರದ ಫಲಕದ ಮೇಲೆ ಉಳಿದಿದೆ. ಊರು ಮಾತ್ರ ಬೇಸಿಗೆಯಲ್ಲಿ ನೀರು ಇಳಿದಾಗ ಕೆಲವು ವಾರ ತಲೆ ಎತ್ತಿ, ಮಳೆಗಾಲಕ್ಕೆ ಮತ್ತೆ ಒಳಗೆ ಹೋಗುತ್ತದೆ.

ಅಂಥ ಊರಿಗೆ ನಾವು ಮನೆಯನ್ನೇ ತೆಗೆದುಕೊಂಡು ಹೋದ ಬಗೆಯನ್ನು ನಿಮಗೆ ಹೇಳಬೇಕೆಂದಿದ್ದೇನೆ. ಆ ಮನೆ ಎಂದರೆ ಒಂಬತ್ತು ವರ್ಷ ಪ್ರವಾಸಿಗಳನ್ನು ಹೊತ್ತು ತಿರುಗಿದ ಹಳದಿ ಬೋರ್ಡಿನ ಒಂದು ಟೆಂಪೊ ಟ್ರಾವೆಲರ್. ಅದನ್ನು ಕೊಳ್ಳುವುದು, ಕಾಗದ ಸರಿಮಾಡಿಸುವುದು, ಒಳಗೆ ಮಲಗುವಂತೆ ಮಾಡುವುದು, ಓಡಿಸುವುದು ಇವೆಲ್ಲ ನಿಮಗೂ ಉಪಯೋಗಕ್ಕೆ ಬರಬಹುದು.

ಏಕೆ ಗಾಡಿ?

ನಮ್ಮ ತಂದೆಯವರಿಗೆ ಆಗ ಎಪ್ಪತ್ತೆಂಟು. ಮೊಣಕಾಲು ಸವೆದಿದ್ದವು, ರಾತ್ರಿ ಮೂರು ಸಲ ಏಳಬೇಕು. ಒಂದು ದಿನ ಊಟಕ್ಕೆ ಕೂತಾಗ, ‘ಒಂದು ರಾತ್ರಿ ನಮ್ಮೂರಾಗ ಮಲಗಬೇಕಂತ ಆಸೆ ಐತಿ’ ಅಂದರು. ಅಣ್ಣ ತಕ್ಷಣ ಲೆಕ್ಕ ಹಾಕಿದ: ಸೋಲಾಪುರ, ವಿಜಯಪುರದ ಮೇಲೆ ಬಾಗಲಕೋಟೆಗೆ ಹೋಗುವ ರೈಲಿದೆ, ಬಾಗಲಕೋಟೆಯಲ್ಲಿ ಒಳ್ಳೆಯ ಲಾಡ್ಜುಗಳಿವೆ, ಅಲ್ಲಿಂದ ಕಾರು ಮಾಡಿಕೊಂಡು ಹೋಗಿ ನೋಡಿ ಬರಬಹುದು. ತಂದೆಯವರು ರೊಟ್ಟಿ ಮುರಿಯುತ್ತಲೇ ಕೇಳಿದರು:

‘ಅಲ್ಲೋ ತಮ್ಮಾ, ನಮ್ಮೂರಿಗೆ ಹೋಗಿ ಲಾಡ್ಜಿನ್ಯಾಗ ಮಲಗೂದಂದ್ರ, ನಾವೇನು ಮಂದಿ ಊರಿಗೆ ಬಂದೇವೇನು?’

ಯಾರೂ ಉತ್ತರ ಹೇಳಲಿಲ್ಲ. ಗಾಡಿ ಕೊಳ್ಳುವ ಮಾತು ಬಂದದ್ದು ಅಣ್ಣನ ಮಗನಿಂದ. ಅವನಿಗೆ ಇಪ್ಪತ್ತು ವರ್ಷ, ನಿಮ್ಮ ವಯಸ್ಸಿನವನೇ. ‘ಕಾಕಾ, ವಿದೇಶದಲ್ಲಿ ಜನ ಬಾಡಿಗೆ ಕಂಪನಿಯ ಹಳೆಯ ವ್ಯಾನು ಕೊಂಡು ಅದರಲ್ಲೇ ಮಲಗಿ ದೇಶವೆಲ್ಲ ಸುತ್ತುತ್ತಾರೆ. ನಾವೂ ಒಂದು ಹಳೇ ಟ್ರಾವೆಲರ್ ತೆಗೆದುಕೊಳ್ಳೋಣ’ ಅಂದ. ನಾವು ಮೂವರು ಅಣ್ಣತಮ್ಮಂದಿರು. ಸಣ್ಣವನು ವಿರೋಧಿಸಿದ. ನಾಲ್ಕು ದಿನದ ಪ್ರಯಾಣಕ್ಕೆ ಲಕ್ಷಗಟ್ಟಲೆ ಸುರಿಯಬೇಕೇ, ಒಂದು ವಾರಕ್ಕೆ ಬಾಡಿಗೆಗೆ ತಂದರೆ ಸಾಲದೇ ಎಂದ. ನಿಜ ಹೇಳುತ್ತೇನೆ, ಬರೀ ಹಣದ ಲೆಕ್ಕದಲ್ಲಿ ಅವನ ಮಾತೇ ಸರಿ. ವರ್ಷಕ್ಕೆ ಒಂದೆರಡು ಸಲ ಮಾತ್ರ ಹೋಗುವವರಿಗೆ ಬಾಡಿಗೆಯೇ ಅಗ್ಗ. ಆದರೆ ಬಾಡಿಗೆ ಗಾಡಿಯಲ್ಲಿ ಹಾಸಿಗೆ ಜೋಡಿಸಲಾಗದು; ಚಾಲಕ ರಾತ್ರಿ ಹೊಳೆಯ ದಂಡೆಯಲ್ಲಿ ನಿಲ್ಲಲು ಒಪ್ಪಲಾರ; ತಂದೆಯವರಿಗೆ ಸುಸ್ತಾದರೆ ಇನ್ನೊಂದು ದಿನ ಇರೋಣ ಎನ್ನಲಾಗದು. ಮೂರು ಮನೆಯವರು ಪಾಲು ಹಾಕಿ ಕೊಂಡರೆ ಐದು ವರ್ಷ ಎಲ್ಲರಿಗೂ ಆಗುತ್ತದೆ ಎಂದು ಕೊನೆಗೆ ತೀರ್ಮಾನವಾಯಿತು.

ಬಾಡಿಗೆಗೆ ಓಡಿದ ಗಾಡಿಯ ಗುಣ

ಟ್ರಾವೆಲರ್ ನಮ್ಮ ಪುಣೆಯದೇ ಕೂಸು. ಆಕುರ್ಡಿಯ ಬಜಾಜ್ ಟೆಂಪೊ ಕಂಪನಿ 1987ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ನಿಮ್ಮ ತಂದೆಯ ಕಾಲದವರು ಇಂದಿಗೂ ಬಾಯಿತುಂಬ ಹೇಳುವ ‘ಮೆಟಡಾರ್’ ಅದೇ ಕಂಪನಿಯದು. 2005ರಲ್ಲಿ ಕಂಪನಿ ಫೋರ್ಸ್ ಮೋಟರ್ಸ್ ಎಂದು ಹೆಸರು ಬದಲಿಸಿಕೊಂಡಿತು. ಜನ ಮಾತ್ರ ಇನ್ನೂ ಟೆಂಪೊ ಟ್ರಾವೆಲರ್ ಎಂದೇ ಕರೆಯುತ್ತಾರೆ. ಭಾಗಗಳು ಸಣ್ಣ ಪೇಟೆಯಲ್ಲೂ ಸಿಗುತ್ತವೆ, ಹೆದ್ದಾರಿಯ ಯಾವ ಮೇಸ್ತ್ರಿಗೂ ಇದರ ಹೊಟ್ಟೆಯೊಳಗಿನ ವಿಷಯ ಗೊತ್ತು. ನಿಮಗೆ ಇಷ್ಟು ದೊಡ್ಡದು ಬೇಡವೆಂದರೆ ಇಬ್ಬರಿಗೆ ಮಾರುತಿ ಈಕೋ ಸಾಕು.

ಗಾಡಿ ನೋಡುವಾಗ ಮೊದಲು ನಂಬರು ಫಲಕದ ಬಣ್ಣ ನೋಡಿ. ಬಿಳಿಯ ಮೇಲೆ ಕಪ್ಪು ಅಕ್ಷರವಿದ್ದರೆ ಖಾಸಗಿ. ಹಳದಿಯ ಮೇಲೆ ಕಪ್ಪು ಇದ್ದರೆ ಬಾಡಿಗೆಗೆ ಓಡುವ ಸಾರಿಗೆ ವಾಹನ. ಕಪ್ಪಿನ ಮೇಲೆ ಹಳದಿ ಅಕ್ಷರವಿದ್ದರೆ ಗಿರಾಕಿಯೇ ಓಡಿಸಿಕೊಂಡು ಹೋಗುವ ಬಾಡಿಗೆ ಗಾಡಿ. ಈ ಮೂರನೆಯದನ್ನು ನೂರಾರು ಕೈಗಳು ಓಡಿಸಿರುತ್ತವೆ. ಕ್ಲಚ್ಚು, ಗೇರು ಬಲು ಬೇಗ ಸವೆದಿರುತ್ತವೆ. ಎರಡನೆಯದನ್ನು ಬಹುಮಟ್ಟಿಗೆ ಒಬ್ಬಿಬ್ಬರು ಚಾಲಕರೇ ನೋಡಿಕೊಂಡಿರುತ್ತಾರೆ. ಕಿಲೋಮೀಟರು ಹೆಚ್ಚಾದರೂ ಓಟ ಹೆದ್ದಾರಿಯದು, ಎಣ್ಣೆ ಬದಲಾವಣೆ ಕಾಲಕಾಲಕ್ಕೆ ಆಗಿರುತ್ತದೆ; ಏಕೆಂದರೆ ಗಾಡಿ ನಿಂತರೆ ಮಾಲೀಕನ ಊಟ ನಿಲ್ಲುತ್ತದೆ.

ಹಾಗಿದ್ದರೆ ಮಾರುವುದೇಕೆ? ಸಾರಿಗೆ ವಾಹನಕ್ಕೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ ಫಿಟ್‌ನೆಸ್ ಪರೀಕ್ಷೆಯಾದರೆ ಸಾಕು. ಅನಂತರ ಪ್ರತಿ ವರ್ಷ. ಗಿರಾಕಿಗಳೂ ಹೊಸ ಗಾಡಿಯನ್ನೇ ಕೇಳುತ್ತಾರೆ. ಹಾಗಾಗಿ ಎಂಟು, ಒಂಬತ್ತು ವರ್ಷದ ಹೊತ್ತಿಗೆ ಮಾಲೀಕರು ಕೈಬಿಡುತ್ತಾರೆ. ನಾವು 2022ರ ಡಿಸೆಂಬರಿನಲ್ಲಿ ಪುಣೆಯಲ್ಲಿ ನೋಡಿದ್ದು 2013ರ ಗಾಡಿ.

ಮೀಟರಿನ ಅಂಕಿಯನ್ನು ನಂಬಬೇಡಿ, ಮೀಟರು ಬದಲಾಗಿರುತ್ತದೆ. ಕ್ಲಚ್ಚಿನ ಪೆಡಲಿನ ರಬ್ಬರು, ಸ್ಟೇರಿಂಗಿನ ಹಿಡಿ, ಚಾಲಕನ ಆಸನದ ಅಂಚು ಇವು ಸುಳ್ಳು ಹೇಳುವುದಿಲ್ಲ. ಕಾಲ ಕೆಳಗಿನ ರಬ್ಬರು ಹಾಸು ಎತ್ತಿ ನೋಡಿ; ಪ್ರವಾಸಿಗಳು ಚೆಲ್ಲಿದ ನೀರು ಒಂಬತ್ತು ವರ್ಷ ಅದರ ಕೆಳಗೇ ಇಳಿದಿರುತ್ತದೆ, ತಗಡು ತುಕ್ಕು ಹಿಡಿದಿರುತ್ತದೆ. ಮೇಲಿನ ಸಾಮಾನಿನ ಕ್ಯಾರಿಯರಿನ ಬೋಲ್ಟುಗಳ ಸುತ್ತ ಛಾವಣಿ ಸೋರುತ್ತದೆಯೇ ಎಂದು ಒಂದು ಬಕೆಟು ನೀರು ಸುರಿದು ನೋಡಿ. ಎಂಜಿನು ತಣ್ಣಗಿರುವಾಗಲೇ ಹೋಗಿ, ನಿಮ್ಮೆದುರಿಗೇ ಶುರು ಮಾಡಿಸಿ. ಎಣ್ಣೆ ಹಾಕುವ ಬಾಯಿಯ ಮುಚ್ಚಳ ತೆಗೆದಾಗ ಹೊಗೆ ಬುಸುಗುಟ್ಟುತ್ತಿದ್ದರೆ ನಮಸ್ಕಾರ ಹೇಳಿ ಬನ್ನಿ. ಟಯರಿನ ಮಗ್ಗುಲಲ್ಲಿ ನಾಲ್ಕು ಅಂಕಿಗಳ ಮುದ್ರೆಯಿರುತ್ತದೆ. 2319 ಎಂದರೆ 2019ರ ಇಪ್ಪತ್ಮೂರನೆಯ ವಾರದಲ್ಲಿ ತಯಾರಾದದ್ದು. ಮೇಲ್ಮೈ ಎಷ್ಟೇ ಚೆನ್ನಾಗಿದ್ದರೂ ತೀರ ಹಳೆಯ ಟಯರನ್ನು ನಂಬಿ ಮನೆಮಂದಿಯನ್ನು ಕೂರಿಸಬೇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು, ಮಾಲೀಕನೊಡನೆ ಮಾತಾಡಿದ ಮೇಲೆ ಚಾಲಕನೊಡನೆ ಮಾತಾಡಿ. ನಮ್ಮ ಗಾಡಿಯ ಚಾಲಕ ಅಕ್ಕಲಕೋಟೆಯ ಕಡೆಯವನು, ಮನೆಮಾತು ಕನ್ನಡ. ನಾವು ನಮ್ಮನಮ್ಮಲ್ಲಿ ಮಾತಾಡುವುದನ್ನು ಕೇಳಿ ಅವನ ಮುಖ ಅರಳಿತು. ಶಿರಡಿ, ಪಂಢರಪುರ, ಅಷ್ಟವಿನಾಯಕ, ಧರ್ಮಸ್ಥಳ ಹೀಗೆ ಈ ಗಾಡಿ ಕಾಣದ ದೇವರಿಲ್ಲ ಎಂದ. ಆಮೇಲೆ ದನಿ ತಗ್ಗಿಸಿ, ‘ಖಂಬಾಟ್ಕಿ ಘಾಟಿನ್ಯಾಗ ಎರಡನೇ ಗೇರು ಜಾರತೈತ್ರೀ. ಗೇರ್ ಬಾಕ್ಸ್ ಬಿಚ್ಚಬೇಕಾಗತೈತಿ. ಎಂಜಿನ್ ಮಾತ್ರ ನನ್ನ ಜವಾಬ್ದಾರಿ’ ಅಂದ. ಆ ಒಂದು ಮಾತಿನಿಂದ ಬೆಲೆಯಲ್ಲಿ ನಲವತ್ತು ಸಾವಿರ ಇಳಿಯಿತು. ಐದು ಲಕ್ಷ ಇಪ್ಪತ್ತು ಸಾವಿರಕ್ಕೆ ವ್ಯವಹಾರ ಕುದುರಿತು. ಗಾಡಿ ಹೊರಡುವಾಗ ಚಾಲಕ ಡ್ಯಾಶ್‌ಬೋರ್ಡಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡ.

ಕಾಗದಪತ್ರ

ಇಲ್ಲಿ ಅವಸರ ಬೇಡ. ಹಳದಿ ಬೋರ್ಡನ್ನು ಬಿಳಿ ಮಾಡುವುದು ಬಣ್ಣ ಬಳಿಯುವ ಕೆಲಸವಲ್ಲ. ಮಾಲೀಕ ಪರವಾನಗಿಯನ್ನು ಹಿಂದಿರುಗಿಸಬೇಕು, ಬಾಕಿ ತೆರಿಗೆ ಮತ್ತು ದಂಡ ಕಟ್ಟಿರಬೇಕು, ಸಾರಿಗೆ ವರ್ಗದಿಂದ ಖಾಸಗಿ ವರ್ಗಕ್ಕೆ ಬದಲಾಯಿಸಲು ಅರ್ಜಿ ಹಾಕಿ ತೆರಿಗೆಯ ವ್ಯತ್ಯಾಸ ತುಂಬಬೇಕು, ಗಾಡಿಯನ್ನು ಅಧಿಕಾರಿಗೆ ತೋರಿಸಬೇಕು. ಒಂದೊಂದು ರಾಜ್ಯದಲ್ಲಿ ಒಂದೊಂದು ರೀತಿ. ಆದ್ದರಿಂದ ಮುಂಗಡ ಕೊಡುವ ಮೊದಲೇ ನಿಮ್ಮ ಆರ್‌ಟಿಒ ಕಚೇರಿಗೆ ಹೋಗಿ, ಈ ಗಾತ್ರದ ಗಾಡಿಯನ್ನು ಖಾಸಗಿಯಾಗಿ ನೋಂದಾಯಿಸುತ್ತಾರೆಯೇ ಎಂದು ಕೇಳಿಕೊಂಡು ಬನ್ನಿ.

ಮಾಲೀಕತ್ವದ ವರ್ಗಾವಣೆಗೆ ಫಾರಂ 29 ಮತ್ತು 30. ಸಾಲವಿದ್ದ ಗಾಡಿಯಾದರೆ ಅದು ತೀರಿದೆ ಎಂಬುದಕ್ಕೆ ಫಾರಂ 35. ಬೇರೆ ರಾಜ್ಯದ ಗಾಡಿಯಾದರೆ ಅಲ್ಲಿಯ ಕಚೇರಿಯ ನಿರಾಕ್ಷೇಪಣಾ ಪತ್ರಕ್ಕೆ ಫಾರಂ 28. ಒಂದೇ ರಾಜ್ಯದೊಳಗಾದರೆ ಮಾರಿದವನು 14 ದಿನದೊಳಗೆ, ಕೊಂಡವನು 30 ದಿನದೊಳಗೆ ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ವಿಮೆಯನ್ನೂ ಹೊಸ ವರ್ಗಕ್ಕೆ ಬದಲಾಯಿಸಿಕೊಳ್ಳಿ. ಬಿಳಿ ಬೋರ್ಡಾದ ಮೇಲೆ ಸಂಘದ ಸ್ನೇಹಿತರೇ ಬಂದು ‘ಡೀಸೆಲ್ ಮೇಲೆ ಇಷ್ಟು ಕೊಡುತ್ತೇವೆ, ನಮ್ಮನ್ನೂ ಬಿಟ್ಟು ಬಾ’ ಎಂದರೂ ಬಾಡಿಗೆಗೆ ಓಡಿಸಬೇಡಿ. ಅಪಘಾತವಾದರೆ ವಿಮೆಯವರು ಕೈ ತೊಳೆದುಕೊಳ್ಳುತ್ತಾರೆ.

ಒಳಗಿನ ಬದಲಾವಣೆಗೂ ಕಾನೂನಿದೆ. ಕಂಪನಿ ಮಾಡಿಕೊಟ್ಟ ಮೂಲ ರಚನೆಯನ್ನು ಮನಸ್ಸಿಗೆ ಬಂದಂತೆ ಮಾರ್ಪಡಿಸುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ನಾವು ಆಸನಗಳ ಸಂಖ್ಯೆ ಕಡಿಮೆ ಮಾಡಲು ಅರ್ಜಿ ಹಾಕಿ, ಅದು ಆರ್‌ಸಿಯಲ್ಲಿ ದಾಖಲಾದ ಮೇಲೆಯೇ ಬಡಗಿಯನ್ನು ಕರೆದೆವು. ತಗಡು ಕೊಯ್ಯಲಿಲ್ಲ, ಕಿಟಕಿ ಬಾಗಿಲು ಮುಟ್ಟಲಿಲ್ಲ. ಈ ಓಡಾಟಕ್ಕೆ ಎರಡು ತಿಂಗಳು ಹಿಡಿಯಿತು. ಎಲ್ಲವನ್ನೂ ಅಣ್ಣನ ಮಗ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟ; ಇಂಗ್ಲಿಷಿನಲ್ಲಿ. ಅವನಿಗೆ ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ.

ಒಳಗೆ ಏನಿದೆ?

ಬಿಚ್ಚಿ ಜೋಡಿಸಬಹುದಾದ ಪ್ಲೈವುಡ್ಡಿನ ಎರಡು ಮಂಚ, ಕೆಳಗೆ ಟ್ರಂಕುಗಳು. ತಂದೆಯವರ ಮಂಚ ಬಾಗಿಲ ಹತ್ತಿರ, ಅವರ ಮೊಣಕಾಲಿನ ಎತ್ತರಕ್ಕೆ ಅಳತೆ ಮಾಡಿಸಿದ್ದು. ಬಾಗಿಲ ಬಳಿ ಹೆಚ್ಚುವರಿ ಒಂದು ಮೆಟ್ಟಿಲು ಮತ್ತು ಹಿಡಿಕೆ. ಕಿಟಕಿಗಳಿಗೆ ಸೊಳ್ಳೆಯ ಜಾಲರಿ. ದೀಪ ಮತ್ತು ಎರಡು ಸಣ್ಣ ಫ್ಯಾನುಗಳಿಗೆ ಬೇರೆಯೇ ಬ್ಯಾಟರಿ. ಗಾಡಿಯ ಬ್ಯಾಟರಿಯಿಂದ ರಾತ್ರಿಯೆಲ್ಲ ಫ್ಯಾನು ತಿರುಗಿಸಿದರೆ ಬೆಳಿಗ್ಗೆ ಗಾಡಿ ತಳ್ಳಬೇಕಾಗುತ್ತದೆ. ಔಷಧದ ಅಂಗಡಿಯಲ್ಲಿ ಸಿಗುವ ಕಮೋಡ್ ಕುರ್ಚಿ ಒಂದು, ಅದಕ್ಕೊಂದು ಪರದೆ. ನಲವತ್ತು ಲೀಟರು ನೀರು. ಐದು ಕಿಲೋದ ಸಣ್ಣ ಸಿಲಿಂಡರು ಮತ್ತು ಒಲೆ.

ಒಲೆಯ ವಿಷಯದಲ್ಲಿ ಒಂದು ಕಟ್ಟುನಿಟ್ಟಿನ ಮಾತು. ಅಡುಗೆ ಯಾವಾಗಲೂ ಹೊರಗೆ, ನೆಲದ ಮೇಲೆ. ಮುಚ್ಚಿದ ಗಾಡಿಯೊಳಗೆ ಒಲೆ ಹಚ್ಚಿದರೂ, ಎಂಜಿನು ಓಡಿಸಿಕೊಂಡು ಎಸಿ ಹಾಕಿ ಮಲಗಿದರೂ ಇಂಗಾಲದ ಮಾನಾಕ್ಸೈಡ್ ಸೇರಿಕೊಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ರಿಪೇರಿ, ಕಾಗದ, ಮರಗೆಲಸ ಎಲ್ಲ ಸೇರಿ ಇನ್ನೂ ಒಂದೂಕಾಲು ಲಕ್ಷ ಖರ್ಚಾಯಿತು.

ದಾರಿ

ಹೊರಟದ್ದು 2023ರ ಏಪ್ರಿಲ್ ಕೊನೆಯ ವಾರ. ಮುಂಬಯಿಯಿಂದ ಪುಣೆ, ಸೋಲಾಪುರ, ವಿಜಯಪುರದ ಮೇಲೆ ಬಾಗಲಕೋಟೆ ಹೆಚ್ಚುಕಡಿಮೆ 600 ಕಿಲೋಮೀಟರು. ಬಾಡಿಗೆ ಕಾಲದಲ್ಲಿ ಹಾಕಿಸಿದ್ದ, ಗಂಟೆಗೆ 80 ಕಿಲೋಮೀಟರು ಮೀರದಂತೆ ತಡೆಯುವ ವೇಗ ನಿಯಂತ್ರಕ ಇನ್ನೂ ಗಾಡಿಯಲ್ಲಿತ್ತು. ಅಣ್ಣನ ಮಗನಿಗೆ ಬೇಸರ, ತಂದೆಯವರಿಗೆ ಸಮಾಧಾನ. ಕಾರಿಗೆ ಒಂದು ದಿನದ ದಾರಿಯನ್ನು ನಾವು ಎರಡು ದಿನ ಮಾಡಿಕೊಂಡೆವು.

ಪುಣೆ ದಾಟಿ ಭಿಗವಣದ ಹತ್ತಿರ ಎಡಗಡೆ ಉಜನಿ ಅಣೆಕಟ್ಟಿನ ಹಿನ್ನೀರು ಕಾಣುತ್ತದೆ. ಚಳಿಗಾಲದಲ್ಲಿ ಅಲ್ಲಿ ರಾಜಹಂಸಗಳನ್ನು ನೋಡಲು ಜನ ಬರುತ್ತಾರೆ. ನಿಮ್ಮಲ್ಲೂ ಕೆಲವರು ಹೋಗಿರಬಹುದು. ಅಲ್ಲಿಯ ಪಳಸದೇವ ಎಂಬ ಊರಿನ ಹಳೆಯ ಗುಡಿ ಭೀಮೆಯ ನೀರಿನಲ್ಲಿ ಮುಳುಗಿದ್ದು, ನೀರು ತಗ್ಗಿದ ವರ್ಷಗಳಲ್ಲಿ ಹೊರಗೆ ಕಾಣುತ್ತದೆ. ಚಹಕ್ಕೆ ನಿಂತಾಗ ತಂದೆಯವರು ಅಂಗಡಿಯ ಮುದುಕನೊಡನೆ ಮರಾಠಿಯಲ್ಲಿ ಮಾತಿಗಿಳಿದರು. ‘ನಿಮ್ಮದು ಯಾವಾಗ ಮುಳುಗಿತು? ನಮ್ಮದು ಇಂಥ ವರ್ಷ’ ಎಂದು ಇಬ್ಬರೂ ಮಕ್ಕಳ ಮದುವೆಯ ವರ್ಷ ಹೇಳಿಕೊಂಡ ಹಾಗೆ ಹೇಳಿಕೊಂಡರು. ಮುದುಕ ಚಹದ ದುಡ್ಡು ತೆಗೆದುಕೊಳ್ಳಲಿಲ್ಲ.

ಆ ರಾತ್ರಿ ಸೋಲಾಪುರದ ಹೊರಗೆ ಒಂದು ಪೆಟ್ರೋಲ್ ಪಂಪಿನಲ್ಲಿ ಕೇಳಿಕೊಂಡು ತಂಗಿದೆವು. ಇದು ನೆನಪಿಡಿ: ಡೀಸೆಲ್ ಹಾಕಿಸಿ, ವ್ಯವಸ್ಥಾಪಕರನ್ನು ಕಂಡು, ವಯಸ್ಸಾದವರಿದ್ದಾರೆ ಎಂದು ಹೇಳಿ ಕೇಳಿದರೆ ದೀಪದ ಕೆಳಗೆ ಜಾಗ ಕೊಡುತ್ತಾರೆ. ಹೆದ್ದಾರಿಯ ಮಗ್ಗುಲಲ್ಲಿ ಕತ್ತಲಲ್ಲಿ ನಿಲ್ಲಿಸಬೇಡಿ.

ಮರುದಿನ ಟಾಕಳಿಯ ಹತ್ತಿರ ಭೀಮೆಯನ್ನು ದಾಟಿದರೆ ಧೂಳಖೇಡ, ಕರ್ನಾಟಕ. ಮೇ 10ಕ್ಕೆ ವಿಧಾನಸಭೆಯ ಮತದಾನವಿದ್ದುದರಿಂದ ತನಿಖಾ ಠಾಣೆಯಲ್ಲಿ ಗಾಡಿ ನಿಲ್ಲಿಸಿದರು. ಪೇದೆ ಬಾಗಿಲು ತೆಗೆದು ಮಂಚ, ಒಲೆ, ಪರದೆ ಎಲ್ಲ ನೋಡಿ, ‘ಇದೇನ್ರೀ, ಮನೀನ ತಗೊಂಡು ಹೊಂಟೀರಿ?’ ಎಂದ. ತಂದೆಯವರು ಮಲಗಿದಲ್ಲಿಂದಲೇ, ‘ಹೌದಪಾ, ಅಲ್ಲಿ ಇದ್ದದ್ದು ನೀವು ಮುಳುಗಿಸಿದ್ರಿ’ ಎಂದರು. ಪೇದೆ ನಕ್ಕು, ಆಮೇಲೆ ನಗು ನಿಲ್ಲಿಸಿ, ‘ನಮ್ಮ ಹೆಂಡತಿ ತೌರುಮನೀನೂ ಹೋತ್ರೀ’ ಎಂದು ಗಾಡಿ ಬಿಟ್ಟ.

ವಿಜಯಪುರದಲ್ಲಿ ಗೋಳಗುಮ್ಮಟ ದೂರದಿಂದಲೇ ಕಂಡಿತು. ಅಲ್ಲಿಂದ ಮುಂದೆ ಕೊಲ್ಹಾರ. ಇಲ್ಲಿಯ ಗಡಿಗೆಯ ಮೊಸರು ಎಷ್ಟು ಗಟ್ಟಿಯೆಂದರೆ ಗಡಿಗೆ ಬೋರಲು ಹಾಕಿದರೂ ಬೀಳುವುದಿಲ್ಲ ಎಂದು ಮಾರುವವರ ಹೆಮ್ಮೆ. ಕೊಲ್ಹಾರದಿಂದ ಕೊರ್ತಿಗೆ ಕೃಷ್ಣೆಯ ಮೇಲೆ ಉದ್ದನೆಯ ಸೇತುವೆ. ಮಳೆಗಾಲದಲ್ಲಿ ಇಲ್ಲಿ ಎರಡೂ ಕಡೆ ಸಮುದ್ರ. ನಾವು ಹೋದಾಗ ಸೇತುವೆಯ ಬಹುಭಾಗದ ಕೆಳಗೆ ಬಿರುಕು ಬಿಟ್ಟ ಎರೆ ಮಣ್ಣು, ನಡುವೆ ತೆಳ್ಳಗೆ ನದಿ.

ಹಿನ್ನೀರ ದಂಡೆ

ಈ ನೀರಿನ ಕಥೆ ನಿಮಗೆ ಗೊತ್ತಿರಬೇಕು. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಶಿಲಾನ್ಯಾಸ ಮಾಡಿದವರು ಲಾಲ್ ಬಹಾದುರ್ ಶಾಸ್ತ್ರಿಯವರು. ಜಲಾಶಯಕ್ಕೆ ಅವರದೇ ಹೆಸರು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಮ್ ಅದನ್ನು ರಾಷ್ಟ್ರಕ್ಕೆ ಅರ್ಪಿಸಿದರು. ಮಹಾಬಳೇಶ್ವರದ ಕಡೆ ಬಿದ್ದ ಮಳೆ ಕೃಷ್ಣೆಯಾಗಿ ಇಲ್ಲಿಗೆ ಬಂದು, 519.60 ಮೀಟರು ಮಟ್ಟದವರೆಗೆ ನಿಲ್ಲುತ್ತದೆ. ಹಳೆಯ ಬಾಗಲಕೋಟೆಯ ಒಂದು ಭಾಗ ಮುಳುಗಿ, ನವನಗರ ಎದ್ದಿತು. ಕೆಳಗಿನ ಒಣ ಸೀಮೆಯ ಲಕ್ಷಾಂತರ ಎಕರೆಗೆ ನೀರು ಹರಿಯಿತು ಎಂಬುದೂ ಅಷ್ಟೇ ನಿಜ. ಎತ್ತರವನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಎರಡನೆಯ ನ್ಯಾಯಮಂಡಳಿ 2010ರಲ್ಲಿ ಅವಕಾಶ ಕೊಟ್ಟಿದೆ. ಹಾಗಾದರೆ ಇನ್ನಷ್ಟು ಊರು, ಇನ್ನಷ್ಟು ಹೊಲ ನೀರಿಗೆ ಸೇರುತ್ತವೆ.

ಪುನರ್ವಸತಿ ಕೇಂದ್ರದಲ್ಲಿ ದೂರದ ನೆಂಟರ ಮನೆಯಲ್ಲಿ ಊಟ ಮಾಡಿದೆವು. ಜೋಳದ ರೊಟ್ಟಿ, ಎಣ್ಣೆ ಬದನೆಕಾಯಿ, ಶೇಂಗಾ ಚಟ್ನಿ. ಹಳೆಯ ಊರಿಗೆ ಎಲ್ಲಿಯವರೆಗೆ ಗಾಡಿ ಒಯ್ಯಬಹುದು ಎಂದು ಅವರೇ ತೋರಿಸಿದರು. ನೀರು ಸರಿದ ಎರೆ ನೆಲ ಮೇಲೆ ಒಣಗಿ ಗಟ್ಟಿಯಾಗಿ ಕಂಡರೂ ಒಳಗೆ ಕೆಸರಿರುತ್ತದೆ. ಟ್ರಾವೆಲರಿನ ತೂಕಕ್ಕೆ ಅಚ್ಚಿನವರೆಗೆ ಹೂತುಹೋಗುತ್ತದೆ. ಹಳೆಯ ಗರಸಿನ ರಸ್ತೆ ಮುಗಿಯುವಲ್ಲಿ, ನೀರಿಗಿಂತ ಸಾಕಷ್ಟು ಎತ್ತರದಲ್ಲಿ ನಿಲ್ಲಿಸಿದೆವು.

ಅಲ್ಲಿಂದ ಊರು ಇನ್ನೂರು ಹೆಜ್ಜೆ. ಊರು ಎಂದರೇನು? ಜನ ಬಿಟ್ಟು ಹೋಗುವಾಗ ತೊಲೆ, ಕಂಬ, ಬಾಗಿಲು, ಒಳ್ಳೆಯ ಕಲ್ಲುಗಳನ್ನೆಲ್ಲ ಬಂಡಿಯಲ್ಲಿ ಹೇರಿಕೊಂಡು ಹೋಗಿದ್ದರು. ಉಳಿದದ್ದು ಕಟ್ಟೆಗಳು, ಗೋಡೆಯ ಬುಡ, ಹೂಳು ತುಂಬಿದ ಹಗೇವುಗಳು. ನಾನು ಒಂದು ಕೈ, ಅಣ್ಣನ ಮಗ ಒಂದು ಕೈ ಹಿಡಿದು ತಂದೆಯವರನ್ನು ಇಳಿಸಿದೆವು. ಸ್ವಲ್ಪ ದೂರ ಹೋದ ಮೇಲೆ ಅವರು ನಮ್ಮ ಕೈ ಬಿಡಿಸಿಕೊಂಡರು. ಕೋಲೂರುತ್ತ, ತಾವೇ ಮುಂದಾಗಿ ನಡೆದರು. ನಮಗೆ ಬರೀ ಕಲ್ಲಿನ ಗುಪ್ಪೆಗಳು, ಅವರಿಗೆ ಬೀದಿಗಳು. ‘ಇದು ಅಗಸಿ. ಇಲ್ಲಿ ಹಣಮಪ್ಪನ ಗುಡಿ. ಇಲ್ಲಿ ಗರಡಿಮನಿ. ಇಲ್ಲಿ ಬಾಗಿ ಬರಬೇಕು, ಮ್ಯಾಲೆ ಬೇವಿನ ಟೊಂಗಿ ಇತ್ತು’ ಎಂದು, ಇಲ್ಲದ ಟೊಂಗೆಗೆ ತಲೆ ಬಗ್ಗಿಸಿಯೇ ದಾಟಿದರು.

ಕುರಿ ಮೇಯಿಸುತ್ತಿದ್ದ ಹುಡುಗನೊಬ್ಬ ಹತ್ತಿರ ಬಂದ. ‘ಯಾ ಊರವರ್ರೀ?’

‘ಇದ ಊರಾಂವ’ ಎಂದರು ತಂದೆಯವರು.

‘ಇಲ್ಲೆಲ್ಲಿ ಊರ್ರೀ ಅಜ್ಜಾರ?’

‘ನೀ ನಿಂತಿಯಲ್ಲ, ಅದು ಗೌಡ್ರ ಕಟ್ಟಿ. ಚಪ್ಪಲಿ ಬಿಟ್ಟು ಹತ್ತತಿದ್ರು.’

ಹುಡುಗ ಕೆಳಗೆ ನೋಡಿಕೊಂಡು, ಮೆಲ್ಲಗೆ ಇಳಿದು ನಿಂತ.

ನಮ್ಮ ಮನೆಯ ಜಾಗದಲ್ಲಿ ದನದ ಗ್ವಾದಲಿಯ ಕಲ್ಲು ಒಂದು ಹಾಗೇ ಇತ್ತು. ತಂದೆಯವರು ಅದರ ಮೇಲೆ ಕುಳಿತು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಅಣ್ಣನ ಮಗನ ನೋಟುಬುಕ್ಕು ಕೇಳಿ ತೆಗೆದುಕೊಂಡು, ಡೀಸೆಲ್ ಲೆಕ್ಕದ ಹಿಂದಿನ ಹಾಳೆಯಲ್ಲಿ ಊರಿನ ನಕಾಶೆ ಬರೆಯತೊಡಗಿದರು. ಯಾವ ಬೀದಿ, ಯಾರ ಮನೆ, ಯಾವ ಬಾವಿಯ ನೀರು ಸಿಹಿ, ಯಾವುದು ಸವುಳು. ಎಲ್ಲ ಕನ್ನಡದಲ್ಲಿ, ಗುಂಡಗಿನ ಅಕ್ಷರದಲ್ಲಿ. ಹೊತ್ತು ಮುಳುಗುವವರೆಗೆ ಬರೆದರು.

ರಾತ್ರಿ ಸುಲಭದ್ದಲ್ಲ. ಹಗಲೆಲ್ಲ ಕಾದ ತಗಡು ಹತ್ತು ಗಂಟೆಯವರೆಗೆ ಹಂಚಿನಂತಿತ್ತು. ಬಾಗಿಲನ್ನು ಗಾಳಿಗೆ ಎದುರಾಗಿ ನಿಲ್ಲಿಸಿದ್ದರಿಂದ ಆಮೇಲೆ ತಂಪಾಯಿತು. ನಾವು ಹೊರಗೆ ಕಂಬಳಿ ಹಾಸಿಕೊಂಡೆವು. ತಂದೆಯವರು ಎಂದಿನಂತೆ ಮೂರು ಸಲ ಎದ್ದರು. ಮೂರು ಸಲವೂ ಕೆಳಗಿಳಿದು, ಹಿಡಿಕೆ ಹಿಡಿದುಕೊಂಡು, ನೀರಿನ ಕಡೆ ನೋಡುತ್ತ ನಿಂತಿದ್ದು ಮಲಗಿದರು. ಬೆಳಿಗ್ಗೆ ‘ನಿದ್ದಿ ಬಂತೇನಪ್ಪಾ?’ ಎಂದು ಕೇಳಿದೆ. ‘ಮನ್ಯಾಗ ನಿದ್ದಿ ಬರದೇ ಏನು?’ ಎಂದರು.

ನೀವು ಹೋಗುವುದಾದರೆ

ಇದಾದ ಮೇಲೆ ತಂದೆಯವರು ಇನ್ನೊಂದು ಬೇಸಿಗೆಗೆ ಬಂದರು. ಈಗ ವೈದ್ಯರು ದೂರದ ಪ್ರಯಾಣ ಬೇಡವೆಂದಿದ್ದಾರೆ. ಗಾಡಿ ಇದೆ. ಬೇಡವೆಂದಿದ್ದ ನಮ್ಮ ಸಣ್ಣ ತಮ್ಮನೇ ಅದರಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ ಸುತ್ತಿ ಬಂದ. ಅಣ್ಣನ ಮಗ ಅಜ್ಜನ ನಕಾಶೆ ಓದಬೇಕೆಂದು ಅಜ್ಜನ ಹತ್ತಿರವೇ ಅಕ್ಷರ ಕಲಿತ. ಅವನು ಕೂಡಿಸಿಕೊಂಡು ಓದಿದ ಮೊದಲ ಕನ್ನಡ ಶಬ್ದ ‘ಸವುಳು ಬಾವಿ’.

ನಿಮಗೆ ನನ್ನ ಸಲಹೆ ಇಷ್ಟೇ. ಗಾಡಿ ಕೊಳ್ಳಲೇಬೇಕೆಂದಿಲ್ಲ. ಕೊಳ್ಳುವುದಾದರೆ ಇಬ್ಬರು ಮೂವರು ಸೇರಿ, ಯಾರು ಎಷ್ಟು ಹಾಕಿದರು, ಯಾರ ಹೆಸರಿಗೆ ಆರ್‌ಸಿ, ರಿಪೇರಿ ಯಾರದು ಎಂದು ಮೊದಲೇ ಬರೆದಿಟ್ಟುಕೊಳ್ಳಿ. ಕೃಷ್ಣೆಯ ಹಿನ್ನೀರಿನ ಊರುಗಳಿಗೆ ಹೋಗುವವರು ಏಪ್ರಿಲ್, ಮೇ ತಿಂಗಳು ಹೋಗಿ. ಜೂನಿನ ಮಳೆ ಹಿಡಿದ ಮೇಲೆ ಏನೂ ಕಾಣುವುದಿಲ್ಲ. ಸಂಜೆ ಮೋಡ ಕಟ್ಟಿದರೆ ರಾತ್ರಿ ಅಲ್ಲಿರಬೇಡಿ. ದಂಡೆಯ ಹೊಲ ಯಾರೋ ಉತ್ತಿರುತ್ತಾರೆ, ಕೇಳದೆ ಇಳಿಯಬೇಡಿ. ಪ್ಲಾಸ್ಟಿಕ್ಕು, ಎಂಜಲು ಏನನ್ನೂ ಬಿಟ್ಟು ಬರಬೇಡಿ. ಅದು ಯಾರದೋ ಮನೆಯ ಪಡಸಾಲೆ.

ಮತ್ತು ಹೊರಡುವ ಮೊದಲು, ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಅವರ ಕೈಗೆ ಒಂದು ನೋಟುಬುಕ್ಕು, ಒಂದು ಪೆನ್ನು ಕೊಡಿ. ಅವರು ಪ್ರಯಾಣ ಮಾಡಬಲ್ಲ ಬೇಸಿಗೆಗಳು ಎಷ್ಟು ಉಳಿದಿವೆಯೋ ಯಾರಿಗೆ ಗೊತ್ತು? ಈ ವರ್ಷದ್ದನ್ನು ಬಿಡಬೇಡಿ.